ಗುಂಯ್ ಅನ್ನುವ ಸದ್ದು ಮತ್ತು ಅತ್ಯಾನ ತಂಬೂರಿ

ಹೋದ ಮೇ ತಿಂಗಳ ಒಂದು ಸಂಜೆ ಧಾರವಾಡದ ಮಾಳಮಡ್ಡಿಯಲ್ಲಿ ಕರೆಂಟ್ ಹೋಯಿತು. ಅತ್ಯಾ ಆಗಷ್ಟೇ ದಾಸರ ಪದದ ಎರಡನೇ ನುಡಿಗೆ ಬಂದಿದ್ದಳು. ತಲೆ ಮೇಲಿನ ಫ್ಯಾನ್ ನಿಧಾನಕ್ಕೆ ನಿಂತಿತು. ಅಡುಗೆಮನೆಯ ಫ್ರಿಡ್ಜ್ ಒಮ್ಮೆ ನಡುಗಿ ಸುಮ್ಮನಾಯಿತು. ಅತ್ಯಾ ಕಣ್ಣು ಮುಚ್ಚಿ ಹಾಡುವವಳು, ಕತ್ತಲಾಗಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು. ಮೈಕಿಗೆ ಬೇಕಾದ ಕರೆಂಟೂ ಅದರಿಂದಲೇ ಬರುತ್ತಿತ್ತು. ಹಾಗಾಗಿ ರೆಕಾರ್ಡಿಂಗ್ ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.

ರಾತ್ರಿ ಹುಬ್ಬಳ್ಳಿಗೆ ವಾಪಸ್ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲ ಒಂದೂವರೆ ನಿಮಿಷ ಹಾಡಿನ ಕೆಳಗೆ ‘ಗುಂಯ್’ ಅಂತ ಒಂದು ಸದ್ದು. ಅದು ಎಷ್ಟು ದಿನದಿಂದ ಇತ್ತೆಂದರೆ, ನಾನು ಅದನ್ನು ತಂಬೂರಿಯದೇ ಅಂದುಕೊಂಡುಬಿಟ್ಟಿದ್ದೆ. ಕರೆಂಟ್ ಹೋದ ಗಳಿಗೆಗೆ ಸರಿಯಾಗಿ ಅದು ಕತ್ತರಿಸಿದ ಹಾಗೆ ನಿಂತಿತು. ಉಳಿದಿದ್ದು ತಂಬೂರಿ, ಅತ್ಯಾನ ದನಿ, ದೂರದಲ್ಲಿ ಯಾರದೋ ಸ್ಕೂಟರ್. ಆ ಜಾಗವನ್ನು ಹಿಂದೆ ಮುಂದೆ ಮಾಡಿ ಹತ್ತು ಸಲವಾದರೂ ಕೇಳಿರಬೇಕು. ಎರಡು ತಿಂಗಳು ಸಾಫ್ಟ್‌ವೇರಿನ ಜೊತೆ ಗುದ್ದಾಡಿ ನನ್ನಿಂದ ಆಗದ್ದನ್ನು ಕರೆಂಟ್ ಸುಮ್ನೆ ಹೋಗಿ ಮಾಡಿತ್ತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ. ಈಗ ಎಪ್ಪತ್ತೆರಡು. ಹುಡುಗಿಯಾಗಿದ್ದಾಗ ಧಾರವಾಡದಲ್ಲೇ ಹಿಂದೂಸ್ತಾನಿ ಕಲಿತವಳು. ಮದುವೆಯಾದ ಮೇಲೆ ಕಛೇರಿ ಅಂತ ಎಲ್ಲೂ ಹಾಡಲಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ತಂಬೂರಿ ಹಿಡಿದು ಅರ್ಧ ತಾಸು ಕೂಡುವುದನ್ನು ಬಿಟ್ಟವಳೂ ಅಲ್ಲ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದೂ ಒಂದೇ ವರಾತ, ಅತ್ಯಾನ ಹಾಡು ಕಳಿಸು ಅಂತ. ಮೊದಮೊದಲು ಮೊಬೈಲಿನಲ್ಲೇ ಹಿಡಿದು ಕಳಿಸಿದೆ. ಅದರಲ್ಲಿ ತಂಬೂರಿ ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ಅತ್ಯಾ ಉಸಿರು ತೆಗೆದುಕೊಳ್ಳುವಾಗ ಒಮ್ಮೆ ಇಣುಕುವುದು, ಹಾಡು ಶುರುವಾದರೆ ಮಾಯ. ಯಾಕೆ ಹಾಗೆ ಅಂತ ಆಗ ನನಗೆ ತಿಳಿಯಲಿಲ್ಲ. ಫೋನ್ ಹಳೆಯದು ಅಂದುಕೊಂಡೆ.

ಆಮೇಲೆ ಹುಚ್ಚು ಹತ್ತಿತು. ಒಂದು ಕಂಡೆನ್ಸರ್ ಮೈಕ್, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ಸ್ಟ್ಯಾಂಡ್, ತಂಬೂರಿಗೆ ಅಂಟಿಸಲು ತಂತಿಯ ನಡುಕ ಹಿಡಿಯುವ, ಗುಂಡಿ ಗಾತ್ರದ ಒಂದು ಪಿಕಪ್, ಎಲ್ಲ ಬಂತು. ಭಾನುವಾರ ಬಂತೆಂದರೆ ಇದನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವುದು. ಮೊದಲ ದಿನ ರೆಕಾರ್ಡ್ ಮಾಡಿ ಕೇಳಿಸಿದಾಗ ಅತ್ಯಾ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

“ಇದರಾಗ ನನ್ನ ಹಾಡು ಕಡಿಮಿ, ಓಣಿನೇ ಜಾಸ್ತಿ ಅದಲ್ಲೋ.”

ಸುಳ್ಳಲ್ಲ. ಫ್ಯಾನ್ ಇತ್ತು, ಫ್ರಿಡ್ಜ್ ಇತ್ತು, ಗೋಡೆ ಗಡಿಯಾರ ಇತ್ತು. ಯಾರೋ ಗೇಟಿನ ಚಿಲಕ ಹಾಕಿದ್ದು ಇತ್ತು. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವಷ್ಟು ಚೆನ್ನಾಗಿ ಬಂದಿತ್ತು, ನಾಲ್ಕು.

ಕಿವಿ ಮತ್ತು ಮೈಕ್ ಎರಡೂ ಕೇಳುತ್ತವೆ, ಆದರೆ ಕಿವಿಯ ಹಿಂದೆ ತಲೆ ಇದೆ. ಅತ್ಯಾನ ಎದುರು ಕೂತಾಗ ನನಗೆ ಫ್ಯಾನ್ ಕೇಳುವುದಿಲ್ಲ, ಯಾಕಂದರೆ ನಾನು ಅದನ್ನು ಕೇಳುತ್ತಿಲ್ಲ. ಮೈಕಿಗೆ ಆ ಭೇದವಿಲ್ಲ. ಅದಕ್ಕೆ ದಾಸರ ಪದವೂ ಒಂದೇ, ಫ್ರಿಡ್ಜಿನ ಕಂಪ್ರೆಸರೂ ಒಂದೇ. ಅದರಲ್ಲೂ ಕಂಡೆನ್ಸರ್ ಮೈಕಿನ ಕಿವಿ ಬಹಳ ಚುರುಕು. ನನ್ನ ಹಾಗೆ ಸದ್ದಿನ ಮನೆಯಲ್ಲಿ ರೆಕಾರ್ಡ್ ಮಾಡುವವರು ಮೊದಲ ಮೈಕ್ ಆಗಿ ವೇದಿಕೆ ಮೇಲೆ ಹಿಡಿದು ಹಾಡುವ ಡೈನಮಿಕ್ ಮೈಕ್ ತಗೊಂಡರೂ ನಡೆಯುತ್ತದೆ. ಅದು ಹತ್ತಿರದ ದನಿಯನ್ನಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ ಬಿಡಿ.

ಈಗ ಗುಂಯ್ ವಿಷಯಕ್ಕೆ ಬರೋಣ.

ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅಂದರೆ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗುತ್ತದೆ. ಅದು ಎಲ್ಲಾದರೂ ಮೈಕಿನ ವೈರಿನೊಳಗೆ ನುಸುಳಿದರೆ 50ರಲ್ಲಿ ಒಂದು ಸ್ವರವಾಗಿ ಕೇಳುತ್ತದೆ. ಬರೀ 50 ಅಲ್ಲ, ಅದರ ಮರಿಗಳೂ ಬರುತ್ತವೆ: 100, 150, 200, ಹೀಗೆ ಮೇಲಕ್ಕೆ. ಇಲ್ಲಿಯವರೆಗೆ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಮ್ಮ ತೊಂದರೆ ಬೇರೆಯೇ ಇತ್ತು.

ಅತ್ಯಾ ಹಾಡುವುದು ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನೇ ‘ಸ’, ಷಡ್ಜ, ಮಾಡಿಕೊಂಡು. ಮೊದಲು ಕರಿ ಐದು ಇತ್ತಂತೆ, ವಯಸ್ಸಾದ ಹಾಗೆ ಇಳಿಯಿತು. ಬಿಳಿ ಐದರ ಷಡ್ಜ ಅಂದರೆ ಸುಮಾರು 196 ಹರ್ಟ್ಸ್. ತಂಬೂರಿಯ ನಡುವಿನ ಜೋಡಿ ತಂತಿ ಅದಕ್ಕೆ ಕೂಡಿರುತ್ತದೆ. ಕೊನೆಯ ದಪ್ಪ ತಂತಿ, ಖರಜ, ಅದರ ಅರ್ಧ, 98. ಈಗ ನೋಡಿ: ಕರೆಂಟಿನದು 100, ಖರಜದ್ದು 98. ಇಷ್ಟು ಹತ್ತಿರದ ಎರಡು ಸ್ವರ ಒಟ್ಟಿಗೆ ಕೇಳಿದರೆ ಒಂದರ ಮೇಲೊಂದು ಏರಿ ಇಳಿದು, ಸೆಕೆಂಡಿಗೆ ಎರಡು ಸಲ ‘ವಾಂವ್, ವಾಂವ್’ ಅಂತ ತೂಗುತ್ತವೆ. ಮೇಲೆ ಜೋಡಿಯ 196ಕ್ಕೆ ಕರೆಂಟಿನ 200 ತಾಗಿ ಸೆಕೆಂಡಿಗೆ ನಾಲ್ಕು ಸಲ.

ಅತ್ಯಾಗೆ ಹರ್ಟ್ಸ್ ಗೊತ್ತಿಲ್ಲ. ಆದರೆ ರೆಕಾರ್ಡಿಂಗ್ ಹಾಕಿದ ಕೂಡಲೇ ಹುಬ್ಬು ಗಂಟಿಕ್ಕಿ, “ತಂಬೂರಿ ಕೂಡಿಲ್ಲ” ಅನ್ನುತ್ತಿದ್ದಳು. ಮತ್ತೆ ಮಣಿ ಸರಿಸುವುದು, ಬಿರಡೆ ತಿರುವುವುದು, ತಂತಿ ಮೀಟಿ ತಲೆ ಬಾಗಿಸಿ ಕೇಳುವುದು. ಕೈಯಲ್ಲಿ ಕೇಳಿದಾಗ ಸರಿಯಾಗಿ ಕೂಡಿದೆ. ರೆಕಾರ್ಡ್ ಆದಮೇಲೆ ಕೂಡಿಲ್ಲ. ಮಿರಜಿನಿಂದ ತಂದ ತಂಬೂರಿ, ಮದುವೆಗೂ ಮೊದಲಿನದು. ಅದಕ್ಕೆ ವಯಸ್ಸಾಯಿತೇನೋ ಅಂತ ಒಂದು ವಾರ ಬೇಜಾರು ಮಾಡಿಕೊಂಡಿದ್ದಳು. ತಪ್ಪು ತಂಬೂರಿಯದಲ್ಲ, ನನ್ನ ಲ್ಯಾಪ್‌ಟಾಪ್ ಚಾರ್ಜರಿನದು ಅಂತ ಗೊತ್ತಾಗಲು ಕರೆಂಟ್ ಹೋಗಬೇಕಾಯಿತು.

ಮರು ಭಾನುವಾರ ಒಂದೊಂದೇ ತೆಗೆದು ನೋಡಿದೆ. ಟ್ಯೂಬ್‌ಲೈಟ್ ಆರಿಸಿದರೆ ಗುಂಯ್ ಇದ್ದೇ ಇದೆ. ಫ್ಯಾನ್ ಆರಿಸಿದರೂ ಇದೆ. ಚಾರ್ಜರ್ ಕಿತ್ತ ಕೂಡಲೇ ಹೋಯಿತು. ಮತ್ತೆ ಹಾಕಿದೆ, ಬಂತು. ಆಗ ಇನ್ನೊಂದು ನೆನಪಾಯಿತು. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಕೈ ಆಡಿಸಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ನಾನು ಅದನ್ನು ಲ್ಯಾಪ್‌ಟಾಪಿನ ಗುಣ ಅಂದುಕೊಂಡಿದ್ದೆ!

ಓಣಿಯ ಎಲೆಕ್ಟ್ರಿಷಿಯನ್ ಬಂದರು. ಟೆಸ್ಟರ್ ಹಿಡಿದು, ಬಲ್ಬಿನ ಹೋಲ್ಡರಿಗೆ ಎರಡು ವೈರ್ ಸಿಕ್ಕಿಸಿ ಸಾಕೆಟ್ಟಿನ ತೂತುಗಳಿಗೆ ಮುಟ್ಟಿಸಿ ನೋಡಿದರು. ಬಲ್ಬ್ ಹತ್ತಲಿಲ್ಲ.

“ಸರ, ಅರ್ಥಿಂಗ್ ಇಲ್ರಿ ಇದಕ್ಕ. ಮ್ಯಾಲಿನ ದೊಡ್ಡ ತೂತು ಬರೇ ಚೆಂದಕ್ಕ ಐತ್ರಿ.”

ಹಿಂದೆ ಬಚ್ಚಲು ಕಟ್ಟಿಸಿದಾಗ ಯಾರೋ ಅರ್ಥಿಂಗ್ ವೈರ್ ಕಡಿದು ಹಾಗೇ ಬಿಟ್ಟಿದ್ದರು. ಹಿತ್ತಲಿನ ಗುಂಡಿ ಒಣಗಿ ಮಣ್ಣು ಬಿರಿದಿತ್ತು. ಹೊಸ ವೈರ್ ಎಳೆದು, ಗುಂಡಿಗೆ ಇದ್ದಿಲು ಉಪ್ಪು ಹಾಕಿ, ಎರಡು ಕೊಡ ನೀರು ಸುರಿದರು. ಬೇಸಿಗೆಯಲ್ಲಿ ಆಗಾಗ ನೀರು ಹಾಕಲು ಹೇಳಿ ಹೋದರು. ಅತ್ಯಾ ಈಗ ತುಳಸಿಗೆ ಹಾಕುವಾಗ ಅದಕ್ಕೂ ಒಂದು ತಂಬಿಗೆ ಹಾಕುತ್ತಾಳೆ.

ಆದದ್ದು ಇಷ್ಟೇ. ಚಾರ್ಜರಿನೊಳಗಿಂದ ಸೋರುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಇಳಿಯಬೇಕಿತ್ತು. ಇಳಿಯಲು ದಾರಿ ಇಲ್ಲದ್ದರಿಂದ ಲ್ಯಾಪ್‌ಟಾಪಿನ ಮೈಗೆ ಬಂತು, ಅಲ್ಲಿಂದ ಇಂಟರ್‌ಫೇಸಿಗೆ, ಅಲ್ಲಿಂದ ತಂಬೂರಿಗೆ ಅಂಟಿಸಿದ ಪಿಕಪ್ಪಿಗೆ. ಮೈಕಿನ ಕೇಬಲ್ಲಿನಲ್ಲಿ ಇದು ಅಷ್ಟು ಬರಲಿಲ್ಲ, ಯಾಕಂದರೆ ಅದು ಮೂರು ಪಿನ್ನಿನದು. ಒಂದೇ ದನಿಯನ್ನು ಎರಡು ತಂತಿಯಲ್ಲಿ ಉಲ್ಟಾ ಸೀದಾ ಕಳಿಸಿ, ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿಕೊಂಡ ಗುಂಯ್ ಅಲ್ಲೇ ಹೊಡೆದುಹೋಗುತ್ತದೆ. ಪಿಕಪ್ಪಿನ ಸಾದಾ ಕೇಬಲ್ಲಿಗೆ ಆ ಉಪಾಯವಿಲ್ಲ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದುಹಾಕುವವರಿದ್ದಾರೆ. ಕೆಲವು ಸಲ ಸದ್ದು ಹೋಗುವುದೂ ಹೌದು. ದಯವಿಟ್ಟು ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲು.

ಇದಕ್ಕೆ ಮೊದಲು ನಾನು ಮಾಡದ ಸರ್ಕಸ್ ಇಲ್ಲ. ನಾಚ್ ಫಿಲ್ಟರ್ ಅಂತ ಇರುತ್ತದೆ, ಒಂದೇ ಸ್ವರವನ್ನು ಚಿಮಟಿಗೆಯಲ್ಲಿ ಕಿತ್ತ ಹಾಗೆ ತೆಗೆಯುವುದು. 50ಕ್ಕೆ ಒಂದು, 100ಕ್ಕೆ ಒಂದು ಹಾಕಿದೆ. ಗುಂಯ್ ಹೋಯಿತು, ಜೊತೆಗೆ ಖರಜವೂ ಬಡವಾಯಿತು. ಚಿಮಟಿಗೆಯ ಬಾಯಿ ಎಷ್ಟು ಸಣ್ಣ ಮಾಡಿದರೂ 98ನ್ನು ಅಷ್ಟಿಷ್ಟು ಕಚ್ಚುತ್ತಿತ್ತು. ತೀರಾ ಸಣ್ಣ ಮಾಡುವ ಹಾಗೂ ಇಲ್ಲ. ಕರೆಂಟ್ 50 ಅಂದರೆ ಗಡಿಯಾರದ ಹಾಗೆ 50ರಲ್ಲೇ ನಿಲ್ಲುವುದಿಲ್ಲ, ಆ ಕಡೆ ಈ ಕಡೆ ಚೂರು ಜಾರುತ್ತಲೇ ಇರುತ್ತದೆ. ಕರಿ ನಾಲ್ಕರಲ್ಲಿ ಹಾಡುವವರಾಗಿದ್ದರೆ ನನ್ನ ಫಿಲ್ಟರ್ ಒಂದಿಷ್ಟು ಕೆಲಸ ಮಾಡುತ್ತಿತ್ತೇನೋ. ಸದ್ದು ತೆಗೆಯಲಿಕ್ಕೆ ಶ್ರುತಿ ಬದಲು ಮಾಡು ಅಂತ ಅತ್ಯಾಗೆ ಹೇಳುವ ಧೈರ್ಯ ನನಗಿಲ್ಲ.

ಫಿಲ್ಟರಿಗಿಂತ ದೊಡ್ಡ ಅನಾಹುತ ಮಾಡಿದ್ದು ಮಾರ್ಚಿನಲ್ಲಿ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಎಷ್ಟೋ ಜನರಿಗೆ ಗೊತ್ತು, 2000ನೇ ಇಸವಿಯಿಂದ ಇದೆ. ಅದರಲ್ಲಿ ‘ನಾಯ್ಸ್ ರಿಡಕ್ಷನ್’ ಅಂತ ಒಂದು ಸೌಲಭ್ಯ. ಬಳಸುವುದು ಸುಲಭ. ಬರೀ ಗದ್ದಲ ಇರುವ ಎರಡು ಮೂರು ಸೆಕೆಂಡ್ ಜಾಗ ತೋರಿಸಬೇಕು. ಇದು ಗದ್ದಲ ಅಂತ ಅದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಇಡೀ ಹಾಡಿನಲ್ಲಿ ಆ ಗುರುತಿಗೆ ಹೋಲುವುದನ್ನೆಲ್ಲ ತಗ್ಗಿಸುತ್ತದೆ.

ನಾನು ತೋರಿಸಿದ್ದು ಯಾವ ಜಾಗ ಗೊತ್ತಾ? ಅತ್ಯಾ ಹಾಡು ಎತ್ತಿಕೊಳ್ಳುವ ಮುಂಚಿನ ಐದು ಸೆಕೆಂಡ್. ಅಲ್ಲಿ ಅವಳ ದನಿ ಇಲ್ಲ, ಸರಿ. ಆದರೆ ತಂಬೂರಿ ಆಗಲೇ ನುಡಿಯುತ್ತಿತ್ತು! ಸಾಫ್ಟ್‌ವೇರ್ ಪಾಪ ಹೇಳಿದ ಮಾತು ಕೇಳಿತು. ಫ್ಯಾನು, ಫ್ರಿಡ್ಜು, ತಂಬೂರಿ ಮೂರನ್ನೂ ಕೂಡಿಸಿ ಕಸದ ಬುಟ್ಟಿಗೆ ಹಾಕಿತು. ನಾನು ಬೇರೆ ಪೂರ್ತಿ ಸ್ವಚ್ಛ ಆಗಲಿ ಅಂತ ಎಷ್ಟು ತಗ್ಗಿಸಬೇಕು ಅನ್ನುವ ಅಳತೆ 12 ಇದ್ದದ್ದನ್ನು 24 ಡೆಸಿಬೆಲ್ಲಿಗೆ ಏರಿಸಿದ್ದೆ. ಉಳಿದದ್ದು ಬರೀ ಅತ್ಯಾನ ದನಿ, ಅದರ ಸುತ್ತ ಗುಳುಗುಳು ಅನ್ನುವ ಏನೋ ಒಂದು. ಸ್ವರದ ಬಾಲಗಳೆಲ್ಲ ಹರಿದುಹೋಗಿದ್ದವು.

ನನಗೆ ಖುಷಿಯೋ ಖುಷಿ. ಎಷ್ಟು ಸ್ವಚ್ಛ ಬಂತು ಅಂತ ಅವಳಿಗೆ ಕೇಳಿಸಿದೆ. ಅವಳು ಅರ್ಧ ನಿಮಿಷ ಕೇಳಿದಳು.

“ತಂಬೂರಿ ಎಲ್ಲಿ ಹೋತೋ?”

“ಹಿಂದೆ ಅದ ಅತ್ಯಾ, ಸ್ವಲ್ಪ ಸಣ್ಣಗ ಕೇಳಸ್ತದ.”

“ಇಲ್ಲ, ಇಲ್ಲ. ನಾ ಭಾಂವಿಯೊಳಗ ಕೂತು ಹಾಡಿಧಂಗ ಅದ.”

ಆ ಭಾವಿಯ ಮಾತು ಎಷ್ಟು ಸರಿ ಅಂದರೆ, ಈ ತೊಂದರೆಯನ್ನು ಈ ಕೆಲಸದವರೂ ನೀರಿನೊಳಗಿನ ದನಿ ಅಂತಲೇ ಹೇಳುತ್ತಾರೆ. ಸಾಫ್ಟ್‌ವೇರ್ ದನಿಯನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಇದು ಗದ್ದಲವೋ ಹಾಡೋ ಅಂತ ಗಳಿಗೆಗೊಮ್ಮೆ ತೀರ್ಮಾನ ಮಾಡುತ್ತದೆ. ಅಲ್ಲೊಂದು ಇಲ್ಲೊಂದು ಪಟ್ಟಿ ತಪ್ಪಿ ತೆರೆದುಕೊಂಡು ಮುಚ್ಚಿಕೊಂಡರೆ ಗುಳುಗುಳು.

ಮೊಬೈಲಿನಲ್ಲಿ ತಂಬೂರಿ ಯಾಕೆ ಮಾಯವಾಗುತ್ತಿತ್ತು ಅಂತ ಆಗ ಹೊಳೆಯಿತು. ಫೋನು ಮಾತಿಗೆಂದು ಮಾಡಿದ್ದು. ಒಂದೇ ಸಮನೆ ಬರುವ ಸದ್ದು ಅದರ ಲೆಕ್ಕದಲ್ಲಿ ಫ್ಯಾನು, ಬಸ್ಸಿನ ಎಂಜಿನ್, ಅಂದರೆ ತೆಗೆದುಹಾಕಬೇಕಾದ್ದು. ತಂಬೂರಿಯ ಕೆಲಸವೇ ಒಂದೇ ಸಮನೆ ಬರುವುದು. ಅದೂ ಎಂಥ ಸದ್ದು! ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ತಂತಿ ಝೇಂ ಅನ್ನುವ ಹಾಗೆ ಬೇಕೆಂದೇ ಮಾಡಿಟ್ಟ ಗದ್ದಲ ಅದು. ಅದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ಜವಾರಿ ಕೋಳಿ, ಜವಾರಿ ಸವತಿಕಾಯಿ, ಜವಾರಿ ಮಾತು, ಅಂದರೆ ನಾಟಿ. ತಂಬೂರಿಯ ಜವಾರಿ ಬೇರೆ ಕಡೆಯಿಂದ ಬಂದ ಶಬ್ದ ಇರಬಹುದು. ಆದರೆ ನನ್ನ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ. ನುಣ್ಣಗೆ ಮಾಡಿದರೆ ರುಚಿ ಹೋಗುವಂಥದ್ದು.

ಈಗ ಹೀಗೆ ಮಾಡುತ್ತೇನೆ. ತಂಬೂರಿ ಮುಟ್ಟುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ, ಎಲ್ಲರೂ ಹದಿನೈದು ಸೆಕೆಂಡ್ ಸುಮ್ಮನಿರಿ ಅನ್ನುತ್ತೇನೆ. ಖಾಲಿ ಕೋಣೆಯ ಸದ್ದು ಬೇಕು. ನಮ್ಮ ಮನೆಯಲ್ಲಿ ಹದಿನೈದು ಸೆಕೆಂಡ್ ಸುಮ್ಮನಿರುವುದು ಅಂದರೆ ಎಂಥ ಕಷ್ಟ! ಮಾಮಾನಿಗೆ, ಅಂದರೆ ಅತ್ಯಾನ ಗಂಡನಿಗೆ, ಸರಿಯಾಗಿ ಆಗಲೇ ಗಂಟಲು ಕೆರೆಯುತ್ತದೆ. ಅಷ್ಟು ಸಿಕ್ಕರೆ ಅದನ್ನು ಗುರುತಿಗೆ ಕೊಟ್ಟು, ಆರು ಡೆಸಿಬೆಲ್ ಮಾತ್ರ ತಗ್ಗಿಸುತ್ತೇನೆ. ಕೆಲವು ಸಲ ಅದನ್ನೂ ಮಾಡುವುದಿಲ್ಲ.

ಫ್ಯಾನ್ ಮತ್ತು ಫ್ರಿಡ್ಜಿನ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ, ಆರಿಸಬೇಕು ಅಷ್ಟೇ. ಫ್ರಿಡ್ಜ್ ಆರಿಸುವುದು ಸುಲಭ, ಮತ್ತೆ ಹಚ್ಚುವುದನ್ನು ನೆನಪಿಡುವುದು ಕಷ್ಟ. ಒಂದು ಭಾನುವಾರ ಮರೆತು ಹುಬ್ಬಳ್ಳಿಗೆ ಬಂದುಬಿಟ್ಟೆ. ಮರುದಿನ ಬೆಳಗ್ಗೆ ಎರಡು ಲೀಟರ್ ಹಾಲು ಒಡೆದಿತ್ತು. ಅತ್ಯಾ ಫೋನಿನಲ್ಲಿ ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. ಆಮೇಲಿಂದ ನನ್ನ ಮನೆಯ ಕೀಲಿಕೈಯನ್ನು ಅವಳ ಫ್ರಿಡ್ಜಿನೊಳಗೆ ಇಡುತ್ತೇನೆ. ಕೀಲಿ ತಗೊಳ್ಳದೆ ಹೊರಡುವ ಹಾಗಿಲ್ಲ, ಬಾಗಿಲು ತೆರೆದಾಗ ಒಳಗೆ ದೀಪ ಹತ್ತಲಿಲ್ಲ ಅಂದರೆ ನೆನಪಾಗಲೇಬೇಕು.

ನನ್ನನ್ನು ಬಹಳ ಸತಾಯಿಸಿದ ಸದ್ದು ಇನ್ನೊಂದು. ಗುಂಯ್ ಹೋದಮೇಲೆ ಅದರ ಅಡಿಯಿಂದ ಎದ್ದು ಬಂತು. ‘ಧಬ್, ಧಬ್, ಧಬ್.’ ಸಣ್ಣ ಸ್ಪೀಕರಿನಲ್ಲಿ ಕೇಳುವುದಿಲ್ಲ, ಹೆಡ್‌ಫೋನಿನಲ್ಲಿ ಎದೆಬಡಿತದ ಹಾಗೆ ಬರುತ್ತದೆ. ಒಂದಿಷ್ಟು ಹೊತ್ತು ಬಡಿದು ನಿಲ್ಲುವುದು, ಮತ್ತೆ ಶುರುವಾಗುವುದು. ಮೊದಲು ನನ್ನ ಕಾಲು ಸ್ಟ್ಯಾಂಡಿಗೆ ತಾಗುತ್ತಿದೆ ಅಂದುಕೊಂಡೆ. ಆಮೇಲೆ ಅತ್ಯಾ ತೊಡೆ ಮೇಲೆ ತಾಳ ಹಾಕುತ್ತಿರಬೇಕು ಅಂದುಕೊಂಡೆ. ಆದರೆ ಬಡಿತ ತಾಳಕ್ಕೆ ಕೂಡುತ್ತಿರಲಿಲ್ಲ. ಅತ್ಯಾ ತಾಳ ತಪ್ಪುವವಳಲ್ಲ.

ದನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದು ನೋಡಿದೆ. ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ನಡುವೆ ಅತ್ಯಾನ ದನಿ ಅಲೆಅಲೆಯಾಗಿ ಹೋಗುತ್ತಿದೆ. ತಂಬೂರಿ ನೇಯ್ಗೆಯ ಎಳೆಗಳ ಹಾಗೆ ಅಡ್ಡಡ್ಡ ಗೆರೆಗಳು. ಎಲ್ಲಕ್ಕಿಂತ ಕೆಳಗೆ, ದಡಕ್ಕೆ ಅಂಟಿಕೊಂಡು ದಪ್ಪ ದಪ್ಪ ಮಚ್ಚೆಗಳು. ಸೆಕೆಂಡಿಗೆ ಎರಡೋ ಮೂರೋ. ಇಪ್ಪತ್ತು ಮೂವತ್ತು ಮಚ್ಚೆ, ಸ್ವಲ್ಪ ಬಿಡುವು, ಮತ್ತೆ ಇಪ್ಪತ್ತು ಮೂವತ್ತು. ಈ ಲಯ ಎಲ್ಲೋ ಕೇಳಿದ್ದೇನಲ್ಲ ಅಂತ ಅರ್ಧ ತಾಸು ತಲೆ ಕೆರೆದುಕೊಂಡೆ. ಅಷ್ಟರಲ್ಲಿ ನಮ್ಮ ಮನೆಯ ಅಡುಗೆಮನೆಯಿಂದಲೇ ಉತ್ತರ ಬಂತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

ಅತ್ಯಾನ ಮನೆಗೂ ಪಕ್ಕದ ಕಾಕು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವರ ಅಡುಗೆಮನೆ ಕಟ್ಟೆ. ಸಂಜೆ ಏಳಕ್ಕೆ ಕಾಕು ಜೋಳದ ರೊಟ್ಟಿಗೆ ಕೂಡುತ್ತಾರೆ. ಅಂಗೈ ಕಟ್ಟೆಗೆ ಬಡಿದ ಪೆಟ್ಟು ಗಾಳಿಯಲ್ಲಿ ಬರುವುದಕ್ಕಿಂತ ಜಾಸ್ತಿ ಕಲ್ಲಿನಲ್ಲಿ, ಗೋಡೆಯಲ್ಲಿ, ನೆಲದಲ್ಲಿ ಬರುತ್ತದೆ. ನೆಲದಿಂದ ಮೈಕ್ ಸ್ಟ್ಯಾಂಡಿಗೆ ಏರುತ್ತದೆ. ಕೋಣೆಯಲ್ಲಿ ಕೂತ ನಮಗೆ ಕೇಳುವುದೇ ಇಲ್ಲ, ಮೈಕಿಗೆ ಮಾತ್ರ ಪಾದದಿಂದ ಕೇಳುತ್ತದೆ.

ಇದಕ್ಕೆ ಮನೆಯಲ್ಲೇ ಮದ್ದಿತ್ತು. ಅಜ್ಜಿ ಹೊಲಿದ ಹಳೆಯ ಕೌದಿ. ನಾಲ್ಕು ಮಡಿಕೆ ಮಾಡಿ ಸ್ಟ್ಯಾಂಡಿನ ಕೆಳಗೆ ಹಾಸಿದೆ. ಕೆಳಗೆ ನವಲಗುಂದದ ಜಮಖಾನ ಮೊದಲೇ ಇತ್ತು. ಧಬ್ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದಕ್ಕೆ 80 ಹರ್ಟ್ಸಿನ ಕೆಳಗಿನದನ್ನೆಲ್ಲ ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕಿದೆ. ಖರಜ 98ರಲ್ಲಿ ಇರುವುದರಿಂದ ಸ್ವಲ್ಪದರಲ್ಲಿ ಬಚಾವ್. ಗಂಡಸರ ತಂಬೂರಿಯಾಗಿದ್ದರೆ ಖರಜ ಇನ್ನೂ ಕೆಳಗಿರುತ್ತದೆ, ಆಗ ಇದು ನಡೆಯುವುದಿಲ್ಲ.

ಆಮೇಲೆ ಕಾಕೂನ್ನ ಕೇಳಿದೆ, ಸಂಕೋಚದಿಂದಲೇ. ಅವರು ಜೋರಾಗಿ ನಕ್ಕರು. “ಅಯ್ಯ, ನನ್ನ ರೊಟ್ಟಿನೂ ರೇಡಿಯೋದಾಗ ಬಂತೇನು? ಮೊದಲ ಹೇಳಬಾರದ? ನಿಮ್ಮ ಹಾಡು ಮುಗೀಲಿ, ಆಮ್ಯಾಲೆ ಬಡೀತೀನಿ ತಗೋ.” ಈಗ ಭಾನುವಾರ ಅವರ ಮನೆಯಲ್ಲಿ ಊಟ ಅರ್ಧ ತಾಸು ತಡ. ಆ ಅರ್ಧ ತಾಸು ಕಾಕೂನೂ ನಮ್ಮಲ್ಲೇ ಬಂದು ಕೂಡುತ್ತಾರೆ. ಅದರಿಂದ ಇನ್ನೊಂದು ಲಾಭ ಆಯಿತು. ಕೋಣೆಯಲ್ಲಿ ಮೆತ್ತಗಿನ ಮನುಷ್ಯರು ಜಾಸ್ತಿಯಾದಷ್ಟೂ ಗೋಡೆಯಿಂದ ವಾಪಸ್ ಬರುವ ಮೊಳಗು ಕಡಿಮೆ.

ಕೌದಿಯ ರುಚಿ ಹತ್ತಿದ ಮೇಲೆ ಗೋಡೆಗೂ ನೇತುಹಾಕಿದೆ. ಅತ್ಯಾನ ಬೆನ್ನ ಹಿಂದೆ ಒಂದು, ಕಿಟಕಿಗೆ ಒಂದು. ದನಿಯ ಮೇಲಿನ ಖಾಲಿ ಡಬ್ಬಿಯಂಥ ಗುಣ ಹೋಯಿತು. ಆದರೆ ಹೊರಗಿನ ಲಾರಿ ಸದ್ದು ಹೋಗಲಿಲ್ಲ. ಹೋಗುವುದೂ ಇಲ್ಲ. 5,000 ಹರ್ಟ್ಸಿನ ಅಲೆ ಏಳು ಸೆಂಟಿಮೀಟರ್ ಉದ್ದ, ಕೌದಿಗೆ ಸಿಕ್ಕಿಕೊಳ್ಳುತ್ತದೆ. 100 ಹರ್ಟ್ಸಿನ ಅಲೆ ಹನ್ನೊಂದು ಅಡಿ. ಒಂದಿಂಚಿನ ಕೌದಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೊಟ್ಟೆ ಟ್ರೇ ಅಂಟಿಸಿ ಸೌಂಡ್‌ಪ್ರೂಫ್ ಮಾಡುತ್ತೇನೆ ಅನ್ನುವವರೂ ಇದನ್ನು ಓದಲಿ.

ಮೈಕ್ ಇಡುವ ಜಾಗ ಬದಲಿಸಿದ್ದಕ್ಕೆ ಖರ್ಚೇ ಇಲ್ಲ, ಉಪಯೋಗ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಮೊದಲು ಎರಡಡಿ ದೂರ ಇಡುತ್ತಿದ್ದೆ. ಒಂದಡಿಗೆ ತಂದೆ. ದೂರ ಅರ್ಧವಾದರೆ ದನಿ ಸುಮಾರು ಆರು ಡೆಸಿಬೆಲ್ ಏರುತ್ತದೆ. ಅಷ್ಟು ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಇಳಿಸಬಹುದು, ಅದರ ಜೊತೆ ಓಣಿಯೂ ಇಳಿಯುತ್ತದೆ. ಇನ್ನೂ ಹತ್ತಿರ ತಂದರೆ ದನಿ ಗಡಸಾಗಿ ಊದಿಕೊಳ್ಳುತ್ತದೆ, ಉಸಿರೆಲ್ಲ ಕೇಳುತ್ತದೆ. ನಮ್ಮ ಮೈಕ್ ಕಾರ್ಡಿಯಾಯ್ಡ್ ಥರದ್ದು, ಬೆನ್ನ ಕಡೆ ಹೆಚ್ಚುಕಡಿಮೆ ಕಿವುಡು. ನಾನು ದಡ್ಡ, ಆ ಬೆನ್ನನ್ನು ಖಾಲಿ ಗೋಡೆಗೆ ಮಾಡಿಟ್ಟಿದ್ದೆ. ಈಗ ಬೆನ್ನು ರಸ್ತೆಯ ಕಿಟಕಿಗೆ. ಅತ್ಯಾ ಕೂಡುವ ಜಾಗ ಸರಿಸಲು ಒಪ್ಪಿಸಬೇಕಾಯಿತು, ಯಾಕಂದರೆ ದೇವರ ಕಡೆ ಬೆನ್ನಾಗಬಾರದು. ಕೊನೆಗೆ ಓರೆಯಾಗಿ ಕೂತು ರಾಜಿಯಾದೆವು. ಪಿಕಪ್ ಕಿತ್ತುಹಾಕಿದೆ. ಒಂದೇ ಮೈಕ್, ಸ್ವಲ್ಪ ಕೆಳಗೆ, ತಂಬೂರಿಯ ಬುರುಡೆಗೂ ಬಾಯಿಗೂ ನಡುವೆ.

ಏನು ಮಾಡಿದರೂ ಹೋಗದವೂ ಇವೆ. ಮಾಳಮಡ್ಡಿ ಅಂದಮೇಲೆ ರೈಲು. ಸ್ಟೇಷನ್ ಕೂಗಳತೆಯಲ್ಲಿದೆ. ಗಾಡಿ ಬರುವಾಗ ಅತ್ಯಾ ತಾನೇ ಹಾಡು ನಿಲ್ಲಿಸಿ ತಂಬೂರಿ ಮೀಟುತ್ತ ಕೂಡುತ್ತಾಳೆ, ಅದು ಹೋದಮೇಲೆ ಅದೇ ಸಾಲಿನಿಂದ ಎತ್ತಿಕೊಳ್ಳುತ್ತಾಳೆ. ತಂಬೂರಿ ನಿಲ್ಲದ ಕಾರಣ ನಡುವಿನದನ್ನು ಕತ್ತರಿಸಿ ಕೂಡಿಸಿದರೆ ಗೊತ್ತೇ ಆಗುವುದಿಲ್ಲ. ಜೂನಿನಲ್ಲಿ ಹಂಚಿನ ಮೇಲೆ ಮಳೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿ ಚಹಾ ಕುಡಿಯುವುದೇ ದಾರಿ. ಮಳೆ ನಿಂತರೆ ಜೀರುಂಡೆ. ಅದರ ಸದ್ದು ಸರಿಯಾಗಿ ‘ಸ’, ‘ಶ’ ಅಕ್ಷರಗಳು ಇರುವ ಎತ್ತರದಲ್ಲೇ ಬರುತ್ತದೆ, ಅದನ್ನು ತೆಗೆದರೆ ದಾಸರಿಗೆ ಹಲ್ಲು ಬಿದ್ದ ಹಾಗೆ ಕೇಳುತ್ತದೆ. ಇನ್ನು ಟಪ್ ಟಪ್ ಅಂತ ಒಡಕು ಬಂದರೆ ಅದು ಹೊರಗಿನದಲ್ಲ, ಲ್ಯಾಪ್‌ಟಾಪಿಗೆ ಏಗಲು ಆಗುತ್ತಿಲ್ಲ ಅಂತ. ದನಿಯನ್ನು ಗಳಿಗೆ ಹೊತ್ತು ಹಿಡಿದಿಡುವ ಬಫರ್ ದೊಡ್ಡದು ಮಾಡಿ, ಬೇರೆ ಪ್ರೋಗ್ರಾಮ್ ಮುಚ್ಚಿದರೆ ನಿಲ್ಲುತ್ತದೆ. ತಾರ ಷಡ್ಜದಲ್ಲಿ ದನಿ ಒಡೆದು ಕರ್ಕಶವಾದರೆ ಗೇನ್ ಜಾಸ್ತಿಯಾಗಿದೆ. ಅಲೆಯ ತಲೆ ಕತ್ತರಿಸಿಹೋದಮೇಲೆ ಅದನ್ನು ಮೊದಲಿನ ಹಾಗೆ ಕೂಡಿಸಲು ಆಗುವುದಿಲ್ಲ, ಆ ಹಾಡು ಮತ್ತೆ ಹಾಡಿಸಬೇಕು. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ನೋಡಿಕೊಂಡರೆ ಈ ಚಿಂತೆ ಇಲ್ಲ.

ಒಂದು ಸಲ ಇದನ್ನೆಲ್ಲ ಹೇಳಿ ನನ್ನ ಗೋಳು ತೋಡಿಕೊಂಡಾಗ ಅತ್ಯಾ ಗಂಗೂಬಾಯಿ ಹಾನಗಲ್ಲರ ಹಳೆಯ ಗ್ರಾಮಫೋನ್ ತಟ್ಟೆಗಳ ಮಾತು ತೆಗೆದಳು. 1930ರ ದಶಕದಲ್ಲಿ ಗಾಂಧಾರಿ ಅನ್ನುವ ಹೆಸರಿನಲ್ಲಿ ಬಂದವು. ಗಂಟಲಿನ ಶಸ್ತ್ರಚಿಕಿತ್ಸೆಗೂ ಮುಂಚಿನ ಅವರ ಸಣ್ಣ, ಏರು ದನಿ ಉಳಿದಿರುವುದು ಅವುಗಳಲ್ಲೇ. ಒಂದು ಕಡೆಗೆ ಮೂರು ನಿಮಿಷ, ಮೂರೂವರೆ ನಿಮಿಷ. ಉದ್ದಕ್ಕೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. “ಆ ಚಟಪಟ ನನಗ ಎಂದೂ ಕೇಳಸಲೇ ಇಲ್ಲ ನೋಡು” ಅಂದಳು. ನಾನೂ ಹುಡುಕಿ ಕೇಳಿದೆ. ನಿಜ, ಅರ್ಧ ನಿಮಿಷದ ಮೇಲೆ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಅದೇ ತಟ್ಟೆಯನ್ನು ಯಾರೋ ವಿಪರೀತ ಸ್ವಚ್ಛ ಮಾಡಿ ಹಾಕಿದ್ದೂ ಸಿಕ್ಕಿತು. ಅದರಲ್ಲಿ ಸಾಸಿವೆ ಇಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ. ದನಿಗೆ ಹತ್ತಿ ತುರುಕಿದ ಹಾಗಿತ್ತು.

ಆದರೆ ಇದನ್ನೇ ನೆಪ ಮಾಡಿಕೊಂಡು ಕೆಲಸ ಬಿಡಬಾರದು ಅಂತಲೂ ನನ್ನ ಅನಿಸಿಕೆ. ಹಳೆಯ ತಟ್ಟೆಯ ಚಟಪಟ ಬೇರೆ, ನನ್ನ ಸೋಮಾರಿತನದ ಫ್ರಿಡ್ಜ್ ಬೇರೆ. ಅತ್ಯಾ ಹುಡುಗಿಯಾಗಿದ್ದಾಗ ಒಂದೆರಡು ಸಲ ಧಾರವಾಡ ಆಕಾಶವಾಣಿಗೆ ಮಕ್ಕಳ ಜೊತೆ ಹಾಡಲು ಹೋಗಿದ್ದಳಂತೆ. ನಿಲಯ ಶುರುವಾಗಿದ್ದು 1950ರಲ್ಲಿ. ಅವಳಿಗೆ ನೆನಪಿರುವುದು ಹಾಡಲ್ಲ, ಬಾಗಿಲು. ಗಾದಿಯಂಥ ದಪ್ಪ ಬಾಗಿಲು ಮುಚ್ಚಿದ ಕೂಡಲೇ ಕಿವಿಯೊಳಗೆ ಹತ್ತಿ ಇಟ್ಟ ಹಾಗಾಯಿತು, ತನ್ನ ಉಸಿರು ತನಗೇ ಕೇಳಿಸಿ ಹೆದರಿಕೆಯಾಯಿತು ಅನ್ನುತ್ತಾಳೆ.

ಕೊನೆಯ ಸದ್ದು ಸಿಕ್ಕಿದ್ದು ಹೋದ ತಿಂಗಳು. ಗುಂಯ್ ಇಲ್ಲ, ಧಬ್ ಇಲ್ಲ, ಫ್ಯಾನ್ ಇಲ್ಲ. ಆಗ ಕೇಳಿತು, ‘ಟಿಣ್.’ ಬಹಳ ಸಣ್ಣದು. ನಾಲ್ಕು ತಂತಿ ಮೀಟುವಷ್ಟರಲ್ಲಿ ಒಂದು ಸಲ. ಇದೂ ತಂಬೂರಿಯೇ ಅಂದುಕೊಂಡು ಒಂದು ವಾರ ಬಿಟ್ಟೆ. ಆಮೇಲೆ ಎದುರು ಕೂತು ಅವಳ ಬಲಗೈಯನ್ನೇ ನೋಡಿದೆ. ಬೆರಳು ಖರಜಕ್ಕೆ ಬಂದು ತಿರುಗಿ ಮೊದಲ ತಂತಿಗೆ ಹೋಗುವಾಗ ಹಸಿರು ಗಾಜಿನ ಬಳೆ ಜಾರಿ ತಂಬೂರಿಯ ಕೊರಳಿನ ಕಟ್ಟಿಗೆಗೆ ತಾಗುತ್ತಿತ್ತು.

ಬಳೆ ತೆಗಿ ಅನ್ನುವ ಹಾಗಿಲ್ಲ. ಮಾಮಾ ಅಲ್ಲೇ ಪೇಪರ್ ಓದುತ್ತ ಕೂತಿದ್ದಾರೆ. ನಾನು ಏನೋ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಅವಳೇ ತಿಳಿದುಕೊಂಡಳು. ಬಳೆಗಳನ್ನೆಲ್ಲ ಮೊಣಕೈ ಕಡೆ ಏರಿಸಿ, ಮೇಲೆ ಮಾಮಾನ ಕರ್ಚೀಫ್ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಹಾಡಿದಳು. ರೈಲೂ ಬರಲಿಲ್ಲ ಆವತ್ತು. ಆರು ನಿಮಿಷ ಇಪ್ಪತ್ತು ಸೆಕೆಂಡ್, ನನ್ನ ಕೈಯಲ್ಲಿ ಇದುವರೆಗೆ ಬಂದವುಗಳಲ್ಲಿ ಅತಿ ಸ್ವಚ್ಛವಾದದ್ದು. ಒಂದು ಫಿಲ್ಟರೂ ಹಾಕಲಿಲ್ಲ.

ಅವಳು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಳು. ನಡುವೆ ಎರಡು ಸಲ ಮುಖ ಕಿವುಚಿದಳು. ತೆಗೆದು ಕೊಟ್ಟು ಅಂದಳು, “ಅಂತರಾದಾಗ ಧೈವತ ಇಳದದ ನೋಡು. ಉಸಿರೂ ಸಾಲವಲ್ದು. ಮೊದಲ ಆ ಗುಂಯ್ ಅನ್ನೋದರಾಗ ಎಲ್ಲಾ ಮುಚ್ಚಿ ಹೋಗತಿತ್ತು, ಅದೇ ಛಲೋ ಇತ್ತು.”

ಗ್ರೂಪಿಗೆ ಕಳಿಸಲು ಬಿಡಲಿಲ್ಲ. ಒಂದು ತಿಂಗಳಿಂದ ಬೆಳಗ್ಗೆಯೂ ಅರ್ಧ ತಾಸು ಕೂಡುತ್ತಿದ್ದಾಳಂತೆ, ಆ ಧೈವತಕ್ಕೆ. ಈ ಭಾನುವಾರ ಬಾ ಅಂದಿದ್ದಾಳೆ. ಕಾಕೂಗೆ ರೊಟ್ಟಿ ತಡ ಅಂತ ಹೇಳಿಯಾಗಿದೆ.